ಉಪ್ಪಾದ ವಾಕ್ಯ

ಸಮುದ್ರ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಯಾರೂ ಗೆರೆ ಎಳೆದು ತೋರಿಸಲಾಗದಂಥ ಒಂದು ಊರಿತ್ತು. ಅಲ್ಲಿ ನೆಲ ಬಿಳಿ, ಗೋಡೆ ಬಿಳಿ, ಜನರ ಹಿಮ್ಮಡಿ ಬಿಳಿ. ಉಪ್ಪಿನ ಊರು ಅದು. ಬೆಳಗ್ಗೆ ಜನ ಗದ್ದೆಗೆ ಸಮುದ್ರವನ್ನು ಕರೆಯುತ್ತಿದ್ದರು, ಮಧ್ಯಾಹ್ನ ಅದನ್ನು ಬಿಸಿಲಿಗೆ ಒಪ್ಪಿಸುತ್ತಿದ್ದರು, ಸಂಜೆ ಉಳಿದದ್ದನ್ನು ಗೋರಿ ರಾಶಿ ಮಾಡುತ್ತಿದ್ದರು. ಮರುದಿನ ಮತ್ತೆ ಸಮುದ್ರವನ್ನು ಕರೆಯುತ್ತಿದ್ದರು.

ಊರಿನ ನಡುವೆ ಪ್ರಾರ್ಥನೆಯ ಮನೆ. ಅದರ ನೆತ್ತಿಯ ಮೇಲೆ ನೆಟ್ಟಗೆ ಒಂದು ಮರ, ಆ ಮರಕ್ಕೆ ಅಡ್ಡವಾಗಿ ಇನ್ನೊಂದು ಮರ. ನಾವು ನೀವು ಅದನ್ನು ಶಿಲುಬೆ ಎನ್ನುತ್ತೇವೆ. ಅವರು ಬರೀ ಮರ ಎನ್ನುತ್ತಿದ್ದರು. ಅದು ಯಾಕೆ ಅಲ್ಲಿದೆ ಎಂದು ಕೇಳಿದರೆ ದೂರದ ದೋಣಿಗಳಿಗೆ ಗುರುತಿಗೆ ಎಂದು ಒಬ್ಬರು, ಕಾಗೆ ಕೂರುವುದಕ್ಕೆ ಎಂದು ಇನ್ನೊಬ್ಬರು ಹೇಳುತ್ತಿದ್ದರು. ವಾರದ ಮೊದಲ ದಿನ ಎಲ್ಲರೂ ಆ ಮನೆಯಲ್ಲಿ ಸೇರಿ ಹಾಡುತ್ತಿದ್ದರು. ಹಾಡಿನಲ್ಲಿ ರಾಗ ಮಾತ್ರವಿತ್ತು, ಮಾತು ಇರಲಿಲ್ಲ. ಮಾತೆಲ್ಲ ಕೊಳವೆಗಳಲ್ಲಿತ್ತು.

ಹಿಂದೆ ಯಾವಾಗಲೋ, ಯಾರ ಅಜ್ಜನಿಗೂ ನೆನಪಿಲ್ಲದ ಕಾಲದಲ್ಲಿ, ಆಚೆ ದಡದ ಒಡೆಯ ಆ ಊರಿಗೊಂದು ಪುಸ್ತಕ ಕಳಿಸಿದ್ದನಂತೆ. ಪುಸ್ತಕ ಪ್ರಾರ್ಥನೆಯ ಮನೆಯಲ್ಲಿತ್ತು. ಒಂದು ದಿನ ಸಮುದ್ರ ಕರೆಯದೆಯೇ ಬಂತು. ನೀರು ಹೊಸ್ತಿಲು ದಾಟುವಷ್ಟರಲ್ಲಿ ಜನ ಪುಸ್ತಕವನ್ನು ಹರಿದು, ಕೈಗೆ ಸಿಕ್ಕಷ್ಟನ್ನು ಹಿಡಿದು ದಿಕ್ಕಾಪಾಲಾಗಿ ಓಡಿದರು. ಹಾಗೆ ಪುಸ್ತಕ ಉಳಿಯಿತು. ನೀರು ಇಳಿದ ಮೇಲೆ ಅದನ್ನು ಮತ್ತೆ ಕೂಡಿಸಬೇಕಿತ್ತು. ಆದರೆ ಒಟ್ಟಿಗಿದ್ದರೆ ಒಟ್ಟಿಗೇ ಹೋಗುತ್ತದೆ ಎಂದು ಹೆದರಿದರು. ಕೂಡಿಸುವ ಬದಲು ಇನ್ನಷ್ಟು ಚಿಕ್ಕದಾಗಿ ಕತ್ತರಿಸಿ, ತಲೆಗೊಂದು ವಾಕ್ಯದಂತೆ ಹಂಚಿಕೊಂಡರು. ಹೆದರಿಕೆಯಿಂದ ಮಾಡಿದ್ದು ಒಂದು ತಲೆಮಾರಿಗೆ ರೂಢಿಯಾಯಿತು, ಮುಂದಿನ ತಲೆಮಾರಿಗೆ ನೇಮವಾಯಿತು.

ನೇಮ ಇಷ್ಟು. ಮಗು ಹುಟ್ಟಿದ ದಿನ ಅದಕ್ಕೊಂದು ವಾಕ್ಯ. ಆ ವಾಕ್ಯವನ್ನು ಬಿದಿರಿನ ಕೊಳವೆಯಲ್ಲಿ ಹಾಕಿ, ಬಾಯಿಗೆ ಮೇಣ ಮೆತ್ತಿ, ಮನೆಯ ತೊಲೆಗೆ ತೂಗುಹಾಕಬೇಕು. ಬದುಕಿರುವಷ್ಟು ದಿನ ಅದನ್ನು ತೆರೆಯುವಂತಿಲ್ಲ. ಪ್ರಾಣ ಹೋಗುವ ಹೊತ್ತಿಗೆ ಓದುಗಿತ್ತಿ ಬಂದು, ಮೇಣ ಒಡೆದು, ಬಲಗಿವಿಯಲ್ಲಿ ಒಂದೇ ಒಂದು ಸಲ ಓದಬೇಕು. ಕಿವಿಯಲ್ಲಿ ವಾಕ್ಯ ಇಟ್ಟುಕೊಂಡು ಹೋದವರನ್ನು ಒಡೆಯ ತನ್ನವರೆಂದು ಗುರುತಿಸಿ ಒಳಗೆ ಕರೆಯುತ್ತಾನೆ. ವಾಕ್ಯವಿಲ್ಲದೆ ಹೋದವರಿಗೆ ಆಚೆ ದಡದಲ್ಲಿ ಬಾಗಿಲಿಲ್ಲ, ಈಚೆ ದಡದಲ್ಲಿ ಪ್ರಾರ್ಥನೆಯ ಮನೆಯ ಅಂಗಳದಲ್ಲಿ ಜಾಗವೂ ಇಲ್ಲ. ಅಂಥವರನ್ನು ಗದ್ದೆಗಳ ಆಚೆಗಿನ ಬೂದು ಕೆಸರಿನಲ್ಲಿ ಹೂಳುತ್ತಿದ್ದರು.

ಊರಲ್ಲಿ ಅಕ್ಷರ ಬಲ್ಲವಳು ಓದುಗಿತ್ತಿ ಒಬ್ಬಳೇ. ಅವಳಿಗೂ ಒಂದು ನೇಮವಿತ್ತು. ಓದಿದ ಮೇಲೆ ಒಂದು ಹರಳು ಉಪ್ಪನ್ನು ನಾಲಿಗೆಯ ಮೇಲಿಟ್ಟು ಕರಗುವವರೆಗೆ ಕಣ್ಣು ಮುಚ್ಚಿ ಕೂರಬೇಕು. ಉಪ್ಪಿನ ಜೊತೆ ವಾಕ್ಯವೂ ಕರಗಿ ಹೋಗುತ್ತದೆ ಎಂದು ಊರಿನ ನಂಬಿಕೆ. ಓದಿದ್ದನ್ನು ಬಾಯಿಬಿಟ್ಟರೆ ಅವಳ ಸ್ವಂತ ವಾಕ್ಯ ಅವಳಿಗೆ ಇಲ್ಲವಾಗುತ್ತದೆ ಎಂಬ ಕಟ್ಟಳೆಯೂ ಇತ್ತು.

ಮೂವತ್ತು ವರ್ಷದಿಂದ ಓದುಗಿತ್ತಿ ಉಪ್ಪು ಕರಗಿಸುತ್ತಿದ್ದಳು. ಒಂದು ವಾಕ್ಯವೂ ಕರಗಿರಲಿಲ್ಲ.

ಇದು ಅವಳ ಗುಟ್ಟು. ನೂರಾರು ಕಿವಿಗಳಲ್ಲಿ ಉಸುರಿದ ನೂರಾರು ವಾಕ್ಯಗಳು ಅವಳೊಳಗೆ ಹಾಗೇ ಇದ್ದವು. ಎಂಥೆಂಥ ವಾಕ್ಯಗಳು! ಊರಲ್ಲೆಲ್ಲ ಎದೆ ಸೆಟೆಸಿ ನಡೆದ ದೋಣಿಬಡಗಿಗೆ ಬಂದ ವಾಕ್ಯ, 'ಆಮೇಲೆ ಅವರು ಮೀನು ತಿಂದರು' ಎಂದು. ಓದುವಾಗ ಓದುಗಿತ್ತಿಗೇ ಸಂಕೋಚವಾಗಿತ್ತು. ಬಡಗಿ ಒಮ್ಮೆ ಕಣ್ಣು ಪಿಳುಕಿಸಿ, ಇಷ್ಟೇನಾ ಎಂಬಂತೆ ಅವಳನ್ನು ನೋಡಿ ಪ್ರಾಣ ಬಿಟ್ಟ. ಹೊರಗೆ ಕಾದಿದ್ದ ಅವನ ಮಕ್ಕಳು ಓದುಗಿತ್ತಿಯ ಪೆಚ್ಚು ಮುಖ ನೋಡಿ, "ನಮ್ಮಪ್ಪನದು ಭಾರೀ ವಾಕ್ಯ ಇರಬೇಕು, ಓದಿದವಳಿಗೇ ತಡೆಯಲಿಕ್ಕಾಗಲಿಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಕೆಲವು ಸಲ ಎರಡು ವಾಕ್ಯಗಳು ತಾವಾಗಿಯೇ ಹತ್ತಿರ ಬರುತ್ತಿದ್ದವು. ಒಂದು ಬೆಳಗ್ಗೆ ಓದುಗಿತ್ತಿ ಪಾತ್ರೆ ತಿಕ್ಕುತ್ತಿದ್ದಳು. 'ಅರ್ಧ ದಾರಿಯಲ್ಲೇ ಅವನು ಕತ್ತೆಯಿಂದ ಇಳಿದನು' ಎಂದು ಎಂದೋ ಒಬ್ಬ ಮುದುಕಿಗೆ ಓದಿದ್ದು ನೆನಪಾಯಿತು. ಅದರ ಹಿಂದೆಯೇ, ಹತ್ತು ವರ್ಷದ ನಂತರ ಬೇರೊಬ್ಬರಿಗೆ ಓದಿದ್ದು: 'ಏಕೆಂದರೆ ಅದಕ್ಕೂ ದಣಿವಾಗಿತ್ತು.' ಓದುಗಿತ್ತಿ ತಿಕ್ಕುವುದನ್ನು ಬಿಟ್ಟು ಒಬ್ಬಳೇ ನಕ್ಕಳು. ಕತ್ತೆಯ ದಣಿವನ್ನು ನೋಡಿ ಇಳಿದವನು ಯಾರೋ, ಅವನ ಮೇಲೆ ಅವಳಿಗೆ ಅಂದಿನಿಂದ ಒಂದು ತೆರನಾದ ಪ್ರೀತಿ ಹುಟ್ಟಿತು. ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ.

ಅವಳಿಗೊಬ್ಬಳು ಅಕ್ಕ. ತಾಯಿ ಇಲ್ಲದ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಉಪ್ಪು ಗೋರಿ ಸಾಕಿದವಳು. ಅಕ್ಕನ ಕೈ ಒರಟು, ಬಾಯಿ ಇನ್ನೂ ಒರಟು. ಪ್ರಾರ್ಥನೆಯ ಮನೆಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದಳು. "ಮಾತಿಲ್ಲದ ಹಾಡು ಎಷ್ಟೂಂತ ಹಾಡೋದು ಮಾರಾಯ್ತಿ, ಗಂಟಲು ಕೆರೀತದೆ ಅಷ್ಟೆ" ಎನ್ನುತ್ತಿದ್ದಳು. ಆ ಅಕ್ಕ ಈಗ ಹನ್ನೊಂದು ದಿನದಿಂದ ಹಗ್ಗದ ಮಂಚದ ಮೇಲೆ ಮಲಗಿದ್ದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಬಾಯಿ ಮಾತ್ರ ಹಾಗೇ ಇತ್ತು.

ಅಕ್ಕನಿಗೆ ಹೆದರಿಕೆಯಾಗಿತ್ತು. ಅದನ್ನು ಅವಳು ಹೇಳುತ್ತಿರಲಿಲ್ಲ. ಆದರೆ ದಿನಾ ಬೆಳಗಾದರೆ ತೊಲೆಯ ಕಡೆ ನೋಡಿ ಕೇಳುತ್ತಿದ್ದಳು, "ನನ್ನದು ಏನಿರಬಹುದೇ? ಒಳ್ಳೇದು ಇರಬಹುದಾ?"

"ಎಲ್ಲಾ ಒಳ್ಳೇದೇ ಅಕ್ಕ."

"ನೀನು ಹಾಗೇ ಹೇಳ್ತಿ. ನಿನ್ನ ಕೆಲಸವೇ ಅದಲ್ಲವಾ."

ಆ ಊರಿನಲ್ಲಿ ಜನ ಇಳಿತದ ಹೊತ್ತಿಗೆ ಹೋಗುತ್ತಿದ್ದರು. ಸಮುದ್ರ ಹಿಂದೆ ಸರಿಯುವಾಗ ಅವರನ್ನೂ ಕರೆದುಕೊಂಡು ಸರಿಯುತ್ತಿತ್ತು. ಹನ್ನೆರಡನೆಯ ದಿನ ಬೆಳಗ್ಗೆ ನೀರು ತುಂಬಿ ನಿಂತಿದ್ದಾಗ ಅಕ್ಕ, "ಇವತ್ತಿನ ಇಳಿತಕ್ಕೆ ನಾನು" ಎಂದಳು. ಓದುಗಿತ್ತಿ ಸಭೆಯ ಹಿರಿಯನಿಗೆ ಹೇಳಿಕಳಿಸಿದಳು. ಹಿರಿಯ ಬಂದು, ಸಾಕ್ಷಿಯಾಗಿ ನಿಲ್ಲಬೇಕಾದ ಜಾಗದಲ್ಲಿ, ಬಾಗಿಲ ಬಳಿ ನಿಂತ. ಕೆಟ್ಟವನಲ್ಲ ಅವನು. ಬಾಗಿಲ ಬಳಿ ನಿಂತು ನಿಂತು ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ ಎಂಬಂತಾಗಿದ್ದ.

ಓದುಗಿತ್ತಿ ತೊಲೆಯಿಂದ ಅಕ್ಕನ ಕೊಳವೆ ಇಳಿಸಿದಳು. ಕಣ್ಣಿಗೆ ಒತ್ತಿಕೊಂಡಳು. ಮೇಣ ಒಡೆದಳು. ಕೊಳವೆಯನ್ನು ಅಂಗೈ ಮೇಲೆ ಬಗ್ಗಿಸಿದಳು.

ಉಪ್ಪು ಸುರಿಯಿತು.

ಕುಟ್ಟಿ ನೋಡಿದಳು, ಮತ್ತಷ್ಟು ಉಪ್ಪು. ಬೆರಳು ಹಾಕಿ ಕೆದಕಿದಳು, ನೆನೆದು ಮುದ್ದೆಯಾಗಿ ಮತ್ತೆ ಒಣಗಿದ ಒಂದು ಚೂರು ಬಂತು. ಅದರಲ್ಲಿ ಅಕ್ಷರದ ನೆರಳೂ ಇರಲಿಲ್ಲ. ಮೇಣದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅಕ್ಕ ಬದುಕಿದ್ದ ಅಷ್ಟೂ ವರ್ಷ ಉಪ್ಪುಗಾಳಿ ಆ ಬಿರುಕಿನಿಂದ ಒಳಗೆ ಹೋಗಿ ವಾಕ್ಯವನ್ನು ತಿಂದಿತ್ತು.

"ಓದೇ" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. ಬಲಗಿವಿಯ ಮೇಲಿನ ಕೂದಲನ್ನು ತಾನೇ ಸರಿಸಿಕೊಂಡಿದ್ದಳು.

ಹಿರಿಯ ಓದುಗಿತ್ತಿಯನ್ನು ಅಂಗಳಕ್ಕೆ ಕರೆದ. ಅಂಗಳ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

"ಏನಾದರೂ ಒಂದು ಹೇಳಿಬಿಡು. ನಿನ್ನ ಬಾಯಿಗೆ ಬಂದದ್ದು. ಪಾಪ, ಸಮಾಧಾನವಾಗಿ ಹೋಗಲಿ."

"ಆಮೇಲೆ?"

ಹಿರಿಯ ನೆಲ ನೋಡಿದ. "ಆಮೇಲೆ ಕೆಸರಿಗೇ ಒಯ್ಯಬೇಕು. ನೇಮ ನಾನು ಮಾಡಿದ್ದಲ್ಲ ತಾಯಿ."

"ಅಂದರೆ ಅವಳಿಗೂ ಸುಳ್ಳು ಹೇಳಿ, ಒಡೆಯನಿಗೂ ಸುಳ್ಳು ಹೇಳಿ, ಕೊನೆಗೆ ಕೆಸರಿಗೆ ಹಾಕೋದು." ಓದುಗಿತ್ತಿಗೆ ಸಿಟ್ಟು ನೆತ್ತಿಗೇರಿತ್ತು. "ಮೂವತ್ತು ವರ್ಷ ಓದಿದ್ದೇನೆ. ಎಂಥ ಸಪ್ಪೆ ವಾಕ್ಯಕ್ಕೂ ನನ್ನದೊಂದು ಅಕ್ಷರ ಸೇರಿಸಿಲ್ಲ. ಇವತ್ತು ನನ್ನ ಅಕ್ಕನಿಗೇ ಸೇರಿಸಲಾ? ಒಂದು ಮಾತು ಹೇಳಿ. ಅವನು ಅಕ್ಕನ ಗುರುತು ಹಿಡಿಯೋದು ಕಾಗದದ ಚೂರಿನಿಂದಲಾ?"

"ನನಗೇನು ಗೊತ್ತು?" ಹಿರಿಯನ ದನಿ ಸಣ್ಣದಾಯಿತು. "ನನ್ನ ಕೊಳವೆಯಲ್ಲಿ ಏನುಂಟು ಅಂತಲೇ ನನಗೆ ಗೊತ್ತಿಲ್ಲ. ಎಲ್ಲರ ಹಾಗೆ ನಾನೂ ಕಾಯ್ತಿದ್ದೇನೆ."

ಓದುಗಿತ್ತಿ ಒಳಗೆ ಹೋಗಿ ಮಂಚದ ಪಕ್ಕ ಕೂತಳು. "ಅಕ್ಕ, ನಿನ್ನ ವಾಕ್ಯ ಹೋಗಿದೆ. ಕೊಳವೆಯಲ್ಲಿ ಬರೀ ಉಪ್ಪು."

ಅಕ್ಕ ಕಣ್ಣು ತೆರೆದಳು. ತೊಲೆಯ ಕಡೆ ನೋಡಿದಳು. "ಜೀವಮಾನ ಎಲ್ಲ ಗೋರಿದ್ದು ಸಾಲದು ಅಂತ ಅಲ್ಲಿಗೂ ಬಂತಾ ಅದು" ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ಮುರಿಯಿತು. ತಂಗಿ ಹುಟ್ಟಿದಾಗಿನಿಂದ ಅಕ್ಕನ ಕಣ್ಣಲ್ಲಿ ನೀರು ನೋಡಿರಲಿಲ್ಲ, ಈಗ ನೋಡಿದಳು.

"ಹಾಗಾದರೆ ನಾನು ಯಾರು ಅಂತ ಅವನಿಗೆ ಹೇಗೆ ಗೊತ್ತಾಗ್ತದೆ?"

ಓದುಗಿತ್ತಿಗೆ ತಡೆಯಲಾಗಲಿಲ್ಲ. ಎದ್ದು ತನ್ನ ಕೊಳವೆಯನ್ನೇ ತೊಲೆಯಿಂದ ಕಿತ್ತಳು. "ನನ್ನದು ತಗೋ. ನಿನಗೆ ಓದ್ತೇನೆ."

"ಇಡು ಅದನ್ನು ಎಲ್ಲಿತ್ತೋ ಅಲ್ಲಿ!" ಅಕ್ಕನ ಹಳೆಯ ಗದರಿಕೆ ಒಂದು ಕ್ಷಣ ವಾಪಸು ಬಂತು. "ಇನ್ನೊಬ್ಬರ ಸೀರೆ ಉಟ್ಟುಕೊಂಡು ಅವನ ಮನೆ ಊಟಕ್ಕೆ ಹೋಗಲಿಕ್ಕಾಗ್ತದಾ? ಅವನು ಕೇಳಿದರೆ ಏನು ಹೇಳಲಿ?" ಉಸಿರು ಎಳೆದುಕೊಂಡು, ಮೆಲ್ಲಗೆ ಅಂದಳು. "ಒಂದು ಕೆಲಸ ಮಾಡು. ಬೇರೆಯವರಿಗೆಲ್ಲ ಏನೇನು ಓದಿದಿ, ಅದನ್ನು ಹೇಳು. ಒಂದೂ ಕರಗಿಲ್ಲ ಅಂತ ಸಾಕಿದವಳಿಗೆ ಗೊತ್ತಿಲ್ಲವಾ. ಕೇಳೋಣ. ಅವನು ಎಂಥವನು ಅಂತಾದರೂ ಗೊತ್ತಾಗಲಿ. ನಾನೇನು ಯಾರಿಗೆ ಹೇಳಲಿಕ್ಕೆ ಹೋಗ್ತೇನೆ, ಹೊರಟವಳು."

ಬಾಗಿಲಲ್ಲಿ ಹಿರಿಯ ಕೆಮ್ಮಿದ. ಹೇಳಿದರೆ ತನ್ನ ವಾಕ್ಯ ತನಗಿಲ್ಲ, ಕೆಸರಿನಲ್ಲಿ ಅಕ್ಕನ ಪಕ್ಕಕ್ಕೆ ತಾನು. ಅವಳು ಅಕ್ಕನ ಕೈ ಹಿಡಿದುಕೊಂಡಳು. ಅಷ್ಟು ವರ್ಷ ತನ್ನನ್ನು ಎತ್ತಿದ ಕೈ ಅದು.

"ಅರ್ಧ ದಾರಿಯಲ್ಲೇ ಅವನು ಕತ್ತೆಯಿಂದ ಇಳಿದನು" ಎಂದು ಶುರುಮಾಡಿದಳು. "ಏಕೆಂದರೆ ಅದಕ್ಕೂ ದಣಿವಾಗಿತ್ತು."

"ಯಾರು ಅವನು?"

"ಒಡೆಯನ ಮಗ."

"ಎಲ್ಲಿಗೆ ಹೊರಟಿದ್ದ?"

ಓದುಗಿತ್ತಿ ಒಳಗೆ ತಡಕಾಡಿದಳು. ಸೂಲಗಿತ್ತಿಗೆ ಓದಿದ್ದು ಸಿಕ್ಕಿತು. "ಕಳೆದುಹೋದವರ ಊರು ಯಾವ ಕಡೆ ಎಂದು ಅವನು ದಾರಿಯುದ್ದಕ್ಕೂ ಕೇಳುತ್ತಾ ಬಂದನು."

"ಅವನಿಗೆ ಯಾಕೆ ಬೇಕಿತ್ತು ಆ ಉಸಾಬರಿ? ಅಪ್ಪನ ಮನೆಯಲ್ಲಿ ಊಟಕ್ಕಿರಲಿಲ್ಲವಾ?"

ಅದಕ್ಕೂ ಒಂದು ವಾಕ್ಯವಿತ್ತು. ಹಗ್ಗ ಹೊಸೆಯುವವನಿಗೆ ಓದಿದ್ದು. "ಅಪ್ಪನ ಪಂಕ್ತಿಯಲ್ಲಿ ಖಾಲಿ ಮಣೆಗಳನ್ನು ನೋಡಿ ಅವನಿಗೆ ಅನ್ನ ಇಳಿಯಲಿಲ್ಲ."

"ಹೂಂ, ಮುಂದೆ ಹೇಳು" ಎಂದಳು ಅಕ್ಕ.

ಹೀಗೆ ಆ ಪುಸ್ತಕ ಮತ್ತೆ ಕೂಡತೊಡಗಿತು. ಯಾವುದು ಮೊದಲು, ಯಾವುದು ನಂತರ ಎಂದು ಓದುಗಿತ್ತಿಗೆ ತಿಳಿದಿರಲಿಲ್ಲ. ಅಕ್ಕ ಕೇಳುತ್ತಿದ್ದಳು, ವಾಕ್ಯ ಬರುತ್ತಿತ್ತು. ಅಕ್ಕ ಮತ್ತೆ ಕೇಳುತ್ತಿದ್ದಳು, ಮತ್ತೊಂದು ಬರುತ್ತಿತ್ತು. ಅವನು ಯಾರೂ ಜೊತೆ ಕೂರದವರ ಜಗಲಿಯಲ್ಲಿ ಕೂತ. ಯಾರೂ ಮುಟ್ಟದವರ ಹುಣ್ಣು ತೊಳೆದ. ಯಾರೂ ಕರೆಯದವರನ್ನು ಹೆಸರು ಹಿಡಿದು ಕರೆದ. ನೀರು ಗದ್ದೆಗಳ ಏರಿ ಬಿಟ್ಟು ಇಳಿಯತೊಡಗಿತ್ತು. ಗದ್ದೆಗೆ ಹೋಗಬೇಕಾದ ಜನ ಒಬ್ಬೊಬ್ಬರಾಗಿ ಕಿಟಕಿಯ ಬಳಿ ಬಂದು ನಿಂತಿದ್ದರು. ಯಾರ ಕೈಯಲ್ಲಿ ಏನಿತ್ತೋ ಅದು ಹಾಗೇ ಇತ್ತು.

"ಅಂಥವನನ್ನು ಊರವರು ಹೊತ್ತುಕೊಂಡು ಮೆರೆಸಿರಬೇಕು" ಎಂದಳು ಅಕ್ಕ.

ಓದುಗಿತ್ತಿ ತಡವರಿಸಿದಳು. ಈ ವಾಕ್ಯವನ್ನು ಅವಳು ಒಂದು ಹಸುಗೂಸಿಗೆ ಓದಿದ್ದಳು. "ನೆಟ್ಟ ಮರಕ್ಕೆ ಅಡ್ಡಮರ ಕಟ್ಟಿ, ಅವನ ಅಂಗೈಗಳನ್ನು ಅದಕ್ಕೆ ಸೇರಿಸಿ ಮೊಳೆ ಹೊಡೆದರು."

ಕಿಟಕಿಯ ಹೊರಗೆ ಒಂದು ತಲೆ ತಿರುಗಿತು. ಆಮೇಲೆ ಎಲ್ಲ ತಲೆಗಳೂ ತಿರುಗಿದವು, ಪ್ರಾರ್ಥನೆಯ ಮನೆಯ ನೆತ್ತಿಯ ಕಡೆಗೆ. ಹುಟ್ಟಿದಂದಿನಿಂದ ನೋಡಿದ ಮರವನ್ನು ಊರು ಅವತ್ತು ಮೊದಲ ಸಲ ನೋಡಿತು. ಅದರ ಮೇಲೊಂದು ಕಾಗೆ ಕೂತಿತ್ತು. ಯಾರೋ ಕಲ್ಲು ಎಸೆದು ಓಡಿಸಿದರು.

"ಅವನು ಸುಮ್ಮನೆ ಹೊಡೆಸಿಕೊಂಡನಾ?" ಅಕ್ಕ ತಲೆ ಎತ್ತಲು ಹೆಣಗಿದಳು. "ಒಂದು ಮಾತೂ ಆಡಲಿಲ್ಲವಾ?"

ಓದುಗಿತ್ತಿ ತಡಕಿದಳು. ಇರಲಿಲ್ಲ. "ಅದು ನನಗೆ ಗೊತ್ತಿಲ್ಲ ಅಕ್ಕ. ಆ ವಾಕ್ಯ ಇನ್ನೂ ಬದುಕಿರೋ ಯಾರದ್ದೋ ಕೊಳವೆಯಲ್ಲುಂಟು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕುಂಬಾರಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಓಡಿದಳು. ಓಡಿದ ಹಾಗೇ ಬಂದಳು. ಕೈಯಲ್ಲಿ ಅವಳ ಕೊಳವೆ.

"ಏಯ್, ಏನು ಮಾಡ್ತೀ!" ಹಿರಿಯ ಅಡ್ಡ ಬಂದ. "ಈಗಲೇ ತೆರೆದರೆ ಸಾಯುವಾಗ ನಿನಗೇನು ಗತಿ?"

"ಸಾಯುವಾಗ ಕೇಳಿ ನಾನೇನು ಮಾಡಲಿ ಹಿರಿಯರೇ? ಮಡಕೆ ಒಡೆದ ಮೇಲೆ ನೀರು ಹಾಕಿದ ಹಾಗೆ. ನನಗೆ ಈಗ ಕಿವಿ ಉಂಟು, ಈಗ ಹೇಳಲಿ."

ಕಿಟಕಿಯಿಂದ ಕೊಳವೆ ಒಳಗೆ ಬಂತು. ಓದುಗಿತ್ತಿ ಮೇಣ ಒಡೆದಳು. ಬದುಕಿರುವವರೊಬ್ಬರ ವಾಕ್ಯವನ್ನು ಅವಳು ಓದುತ್ತಿದ್ದುದು ಅದೇ ಮೊದಲು, ಅದೂ ಎಲ್ಲರಿಗೂ ಕೇಳುವಂತೆ. "'ಇವರ ಬದಲಿಗೆ ನಾನಿದ್ದೇನೆ, ಇವರನ್ನು ಬಿಟ್ಟುಬಿಡು ಅಪ್ಪಾ' ಎಂದು ಅವನು ಕೂಗಿದನು."

ಕುಂಬಾರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು. ಐವತ್ತು ವರ್ಷ ಅವಳ ತಲೆಯ ಮೇಲೆ ತೂಗುತ್ತಿದ್ದ ಮಾತು ಅದು. ಒಂದು ದಿನವಾದರೂ ಅವಳು ಅದರ ಕೆಳಗೆ ನೆಮ್ಮದಿಯಾಗಿ ಮಲಗಿರಲಿಲ್ಲ.

ಆಮೇಲೆ ತಡೆಯುವವರು ಇರಲಿಲ್ಲ. ಅಕ್ಕ ಕೇಳುತ್ತಿದ್ದಳು, ಓದುಗಿತ್ತಿಗೆ ಗೊತ್ತಿದ್ದರೆ ಓದುಗಿತ್ತಿ ಹೇಳುತ್ತಿದ್ದಳು, ಗೊತ್ತಿಲ್ಲದಿದ್ದರೆ ಕಿಟಕಿಯಿಂದ ಒಂದು ಕೊಳವೆ ಬರುತ್ತಿತ್ತು. ಮೇಣ ಒಡೆಯುವ ಸದ್ದು, ವಾಕ್ಯ, ಮತ್ತೆ ಮೇಣ ಒಡೆಯುವ ಸದ್ದು, ಮತ್ತೆ ವಾಕ್ಯ. ಕೆಲವು ಅಲ್ಲಿಗೆ ಹೊಂದುತ್ತಿರಲಿಲ್ಲ, ಅವನ್ನು ಪಕ್ಕಕ್ಕಿಟ್ಟಳು. ನೀರು ಗದ್ದೆಗಳನ್ನು ಬಿಟ್ಟು ಮರಳಿಗೆ ಇಳಿದಿತ್ತು. ಅಕ್ಕನ ಉಸಿರು ನಡುವೆ ನಡುವೆ ನಿಂತು ಹೊರಡುತ್ತಿತ್ತು.

"ಎಲ್ಲಿ ಹೂಳಿದರು ಅವನನ್ನು?" ಎಂದು ಅವಳು ಕೇಳಿದಳು.

ಯಾರ ಕೊಳವೆಯಲ್ಲೂ ಅದಿರಲಿಲ್ಲ. ಬಾಗಿಲ ಬಳಿ ಹಿರಿಯ ನಿಂತಿದ್ದ ಜಾಗ ಖಾಲಿಯಾಗಿತ್ತು. ಸ್ವಲ್ಪ ಹೊತ್ತಿಗೆ ಅವನು ಏದುಸಿರು ಬಿಡುತ್ತಾ ಬಂದ. ಯಾರ ಮುಖವನ್ನೂ ನೋಡದೆ, ತನ್ನ ಕೊಳವೆಯನ್ನು ಓದುಗಿತ್ತಿಯ ಮಡಿಲಲ್ಲಿಟ್ಟ.

ಓದುಗಿತ್ತಿ ಒಡೆದು ಓದಿದಳು. "ಊರಿಗೆ ಬೇಡವಾದವರನ್ನು ಹೂಳುವ ಕೆಸರಿನಲ್ಲೇ ಅವನನ್ನು ಹೂಳಿದರು."

ಹಿರಿಯ ಅಲ್ಲೇ ನೆಲದ ಮೇಲೆ ಕುಸಿದು ಕೂತ. "ಎಷ್ಟು ಜನರನ್ನು ಕಳಿಸಿದೆ ನಾನು ಅಲ್ಲಿಗೆ" ಎಂದ. "ಅವನ ಪಕ್ಕಕ್ಕೇ ಕಳಿಸ್ತಿದ್ದೇನೆ ಅಂತ ಗೊತ್ತಿರಲಿಲ್ಲ." ಅವನು ಅಳುತ್ತಿದ್ದ. ಅದು ನಾಚಿಕೆಯ ಅಳುವೋ ಬಿಡುಗಡೆಯ ಅಳುವೋ ಅವನಿಗೇ ಗೊತ್ತಿರಲಿಲ್ಲ. ಎರಡೂ ಇರಬೇಕು ಎಂದು ನನಗನ್ನಿಸುತ್ತದೆ.

"ಅಲ್ಲಿಗೆ ಮುಗೀತಾ?" ಅಕ್ಕನ ದನಿ ತೀರಾ ಕೆಳಗಿಳಿದಿತ್ತು.

"ಇಲ್ಲ ಅಕ್ಕ. ಮೂರನೆಯ ಬೆಳಗ್ಗೆ ಕೆಸರು ಬಾಯಿ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ." ಅದು ಕಮ್ಮಾರನಿಗೆ ಓದಿದ್ದು. "ಅವನು ದಡದಲ್ಲಿ ನಿಂತು ತನ್ನ ಗೆಳೆಯರನ್ನು ಕರೆದನು." ಅದು ಇವತ್ತು ಪಕ್ಕದ ಮನೆಯ ಹೆಂಗಸಿನ ಕೊಳವೆಯಿಂದ ಬಂದದ್ದು. "ಸತ್ತವನು ಹೇಗೆ ಬಂದ ಎಂದು ಅವರು ನಂಬದೆ ಹೋದಾಗ ಅವನು ಬೆಂಕಿ ಹೊತ್ತಿಸಿ, ಹಸಿವಾಗಿದೆ ಬನ್ನಿ ಎಂದನು."

ಆಗ ಓದುಗಿತ್ತಿಗೆ ಒಂದು ವಾಕ್ಯ ತಾನಾಗಿಯೇ ಬಾಯಿಗೆ ಬಂತು. ಬಂದದ್ದೇ ಅವಳು ಬೆಚ್ಚಿಬಿದ್ದಳು. ಕಿಟಕಿಯ ಬಳಿ ನಿಂತಿದ್ದ ದೋಣಿಬಡಗಿಯ ಮಕ್ಕಳನ್ನು ನೋಡಿದಳು.

"ಇದು ನಿಮ್ಮಪ್ಪನದು" ಎಂದಳು. "ಆಮೇಲೆ ಅವರು ಮೀನು ತಿಂದರು."

ಬಡಗಿಯ ಮಕ್ಕಳು ಇಬ್ಬರೂ ದೊಡ್ಡ ಆಳುಗಳು. ಒಬ್ಬ ಇನ್ನೊಬ್ಬನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದ. ಸತ್ತವನ ಜೊತೆ ಕೂತು ಮೀನು ತಿಂದವರಿದ್ದರು, ಅದನ್ನು ಹೇಳುವ ವಾಕ್ಯ ಅವರ ಅಪ್ಪನದಾಗಿತ್ತು. ಇಷ್ಟೇನಾ ಎಂದು ನೋಡಿದ ಆ ಮುದುಕನ ಕಣ್ಣು ಓದುಗಿತ್ತಿಗೆ ನೆನಪಾಯಿತು. ಅವನಿಗೆ ಮುಂಚೆಯೇ ಹೇಳಬಹುದಿತ್ತು. ಎಲ್ಲರಿಗೂ ಹೇಳಬಹುದಿತ್ತು. ಮೂವತ್ತು ವರ್ಷ ಉಪ್ಪು ನೆಕ್ಕುತ್ತಾ ಕೂತೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಸಮುದ್ರ ಬಹಳ ದೂರ ಸರಿದಿತ್ತು. ಇಳಿಬಿಸಿಲು ಬಾಗಿಲಿನಿಂದ ಒಳಗೆ ಬಂದು ಮಂಚದ ಕಾಲಿನವರೆಗೆ ಬಿದ್ದಿತ್ತು.

"ಬೇಗ ಹೇಳು" ಎಂದಳು ಅಕ್ಕ. "ಊಟ ಆಯಿತು. ಆಮೇಲೆ ಅವನು ಮನೆಗೆ ಹೋದನಾ?"

"ಹೋಗಲಿಲ್ಲ. ಆಮೇಲೆ ಅವನು ಆ ಊರಿನ ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ನಿಂತು, ನಾನು ಬಂದಿದ್ದೇನೆ, ಒಳಗೆ ಬರಲೇ ಎಂದು ಕೇಳಿದನು."

ಓದುಗಿತ್ತಿ ನಿಲ್ಲಿಸಿದಳು. ಕಿಟಕಿಯ ಕಡೆ ನೋಡಿದಳು. ಯಾವ ಕೊಳವೆಯೂ ಬರಲಿಲ್ಲ. ಪಕ್ಕಕ್ಕಿಟ್ಟ ವಾಕ್ಯಗಳನ್ನೆಲ್ಲ ತಿರುವಿದಳು, ತನ್ನ ಕೊಳವೆಯನ್ನೂ ಒಡೆದು ನೋಡಿದಳು, ಅದು ಕಥೆಯ ಮೊದಲಿನ ಎಲ್ಲೋ ಒಂದು ವಾಕ್ಯವಾಗಿತ್ತು. ಊರಲ್ಲಿ ಒಡೆಯದ ಕೊಳವೆ ಒಂದೂ ಉಳಿದಿರಲಿಲ್ಲ. ಆಗ ಅವಳಿಗೆ ಅರ್ಥವಾಯಿತು.

"ಅಕ್ಕ, ಇದೇ ನಿನ್ನ ಜಾಗ. ನಿನ್ನ ವಾಕ್ಯ ಇಲ್ಲಿತ್ತು. ಉಪ್ಪಾಗಿ ಹೋದದ್ದು ಇದೇ." "ಅವನು ಬಾಗಿಲಲ್ಲಿ ನಿಂತು ಕೇಳಿದ, ಅಲ್ಲಿಯವರೆಗೆ ಗೊತ್ತು. ಅದರ ಮುಂದಿನದೂ ಗೊತ್ತು: 'ಆ ಮಾತು ಕೇಳಿ ಅವನು ಒಳಗೆ ಬಂದು ಕೂತನು.' ನಡುವೆ ಯಾವ ಮಾತು ಅಂತ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಹಿರಿಯ ನೆಲದಿಂದ ಎದ್ದಿದ್ದ. ಅವನು ನಿಂತ ಜಾಗ ಬಾಗಿಲಿಗೆ ಅಡ್ಡವಾಗಿದೆ ಎಂದು ಹೊಳೆದು, ಪಕ್ಕಕ್ಕೆ ಸರಿದ.

ಅಕ್ಕನಿಗೆ ನಗು ಬಂತು. ಈ ಸಲ ಮುರಿಯಲಿಲ್ಲ, ಇದ್ದ ಉಸಿರಿನಲ್ಲೇ ಪೂರ್ತಿ ನಕ್ಕಳು.

"ಇಷ್ಟೇ ತಾನೇ? ಬಾಗಿಲಿಗೆ ಬಂದವರಿಗೆ ಏನು ಹೇಳಬೇಕು ಅಂತ ನನಗೆ ಬರೆದು ಕೊಡಬೇಕಾ?"

ಅವಳು ಮುಖವನ್ನು ಬಾಗಿಲ ಕಡೆ ಹೊರಳಿಸಿದಳು. ಬಾಗಿಲಲ್ಲಿ ಬಿಸಿಲಿತ್ತು. "ಬಾರಪ್ಪ" ಎಂದಳು. "ಬಾ ಒಳಗೆ. ಎಷ್ಟು ದೂರದಿಂದ ನಡೆದು ಬಂದಿ. ಮನೇಲಿ ಏನೂ ಇಲ್ಲ, ನಾನೂ ಏಳಲಾರೆ. ಆದರೂ ಬಾ."

ಆಮೇಲೆ, ಹನ್ನೆರಡು ದಿನದಿಂದ ಅಲುಗಿಸಲಾಗದ ಕಾಲುಗಳನ್ನು ಎಳೆದುಕೊಂಡು, ಮನೆಗೆ ಬಂದವರಿಗೆ ಮಾಡಿಕೊಡುವ ಹಾಗೆ, ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಹಗ್ಗದ ಮಂಚ ಕಿರುಗುಟ್ಟಿತು. ಅಕ್ಕನ ಮುಖದ ಹೆದರಿಕೆ ಹೋಗಿತ್ತು. ಅವಳು ಆ ಜಾಗವನ್ನೇ ನೋಡುತ್ತಿದ್ದಳು.

ಓದುಗಿತ್ತಿಯ ಕೆಲಸ ಇನ್ನೂ ಒಂದು ವಾಕ್ಯದಷ್ಟು ಬಾಕಿಯಿತ್ತು. ಅವಳು ಬಗ್ಗಿ, ಅಕ್ಕನ ಬಲಗಿವಿಯ ಹತ್ತಿರ ಬಾಯಿ ತಂದು, "ಆ ಮಾತು ಕೇಳಿ" ಎಂದು ಶುರುಮಾಡಿದಳು.

ಅಕ್ಕ ಕೈ ಎತ್ತಿ ತಡೆದಳು.

"ಸಾಕು, ಸುಮ್ಮನಿರೇ" ಎಂದಳು. "ಅವನು ಮಾತಾಡ್ತಿದ್ದಾನೆ."